ಸ್ಪೇನಿನ ವೇಗದ ರೈಲು, ಮಲ್ಲಪ್ಪನ ಹೆಸರು

ಹೊರಡುವ ಮುಂಚೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಚಹಾದ ಅಂಗಡಿಗಳಲ್ಲಿ ಒಂದು ಕಥೆ ಇಂದಿಗೂ ಓಡಾಡುತ್ತದೆ. ದೇವಣಗಾಂವದ ಮಲ್ಲಪ್ಪ ಸ್ಪೇನ್ ದೇಶಕ್ಕೆ ಹೋಗಿದ್ದಾಗ, ಬಾಣದಂತೆ ಓಡುವ ರೈಲಿನ ಚೈನ್ ಎಳೆದು ನಿಲ್ಲಿಸಿದನಂತೆ. ಹೇಳುವವರು ಎದ್ದು ನಿಂತು, ಕೈ ಮೇಲೆತ್ತಿ, ಎಳೆದು ತೋರಿಸುತ್ತಾರೆ. ಕೇಳುವವರು ನಗುತ್ತಾರೆ. ಆ ಡಬ್ಬಿಯಲ್ಲಿ ನಾನೂ ಇದ್ದೆ. ಕಥೆಯಲ್ಲಿ ಒಂದು ದೊಡ್ಡ ತಪ್ಪಿದೆ. ಅದನ್ನು ತಿದ್ದಲಿಕ್ಕೆಂದೇ ಇಷ್ಟು ವರ್ಷಗಳ ಮೇಲೆ ಈ ಪ್ರವಾಸದ ಸುದ್ದಿ ಬರೆಯಲು ಕುಳಿತಿದ್ದೇನೆ.

ನಾನು ಓದಿದ್ದು ಮ್ಯಾಟ್ರಿಕ್‌ವರೆಗೆ. ಇಂಡಿಯ ಹತ್ತಿರ ಲಿಂಬೆಯ ತೋಟವಿದೆ. ಜನ ನನ್ನನ್ನು ಗೌಡ್ರು ಅನ್ನುತ್ತಾರೆ. ಬಹಳ ವರ್ಷ ನಮ್ಮ ಕಡೆಯ ರೈಲು ಬೇಡಿಕೆ ಸಮಿತಿಗೆ ನಾನೇ ಅಧ್ಯಕ್ಷನಾಗಿದ್ದೆ. ಆಗ ನಮ್ಮಲ್ಲಿ ಇನ್ನೂ ಮೀಟರ್ ಗೇಜು. ಸೊಲ್ಲಾಪುರದಿಂದ ಗದಗಿಗೆ ಹೋಗುವ ಪ್ಯಾಸೆಂಜರು ಒಂದೊಂದು ನಿಲ್ದಾಣದಲ್ಲಿ ಬೀಗರ ಮನೆಗೆ ಬಂದ ಹಾಗೆ ಕೂತುಬಿಡುತ್ತಿತ್ತು. ಇಳಿದು ಮುಖ ತೊಳೆದು, ತಂಬಿಗೆಗೆ ನೀರು ತುಂಬಿ, ಪರಿಚಯದವರ ಕ್ಷೇಮ ಕೇಳಿ ಹತ್ತಬಹುದಿತ್ತು. ಯಾರಾದರೂ ಉಳಿದರೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು "ಬರಾಕತ್ತಾರ್ರೀ, ಹಿಡೀರಿ!" ಎಂದು ಕೂಗಿದರೆ ಗಾರ್ಡು ನಿಶಾನೆ ಕೆಳಗಿಳಿಸುತ್ತಿದ್ದ. ಅವನು ಕೇಳದಿದ್ದರೆ ಚೈನು ಇದ್ದೇ ಇತ್ತು. ನಮ್ಮ ಕಡೆ ಚೈನ್ ಎಳೆಯದೆ ಮದುವೆಯ ದಿಬ್ಬಣ ಸಾಗಿದ್ದು ನಾನು ನೋಡಿಲ್ಲ.

ಇದೆಲ್ಲ ನನಗೆ ನಾಚಿಕೆಯ ವಿಷಯವಾಗಿತ್ತು. "ಚೈನ್ ಎಳೆಯುವವನು ಊರನ್ನೇ ಹಿಂದಕ್ಕೆ ಎಳೆಯುತ್ತಾನೆ" ಎಂದು ನಿಲ್ದಾಣಗಳಲ್ಲಿ ಫಲಕ ಬರೆಸಿದವನು ನಾನು. ಬ್ರಾಡ್‌ಗೇಜ್ ಬರುವ ಮಾತು ಎದ್ದಾಗ, ಸಣ್ಣ ನಿಲ್ದಾಣಗಳ ಜನ ತಮ್ಮಲ್ಲೂ ಗಾಡಿ ನಿಲ್ಲಲಿ ಎಂದರೆ, "ಹಿಂಗ ಹೊಲಕ್ಕೊಂದು ನಿಲ್ದಾಣ ಬೇಕಂದ್ರ ರೈಲು ಯಾಕ್ರೋ, ಎತ್ತಿನ ಗಾಡಿ ಸಾಕು" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನನ್ನ ತಲೆಯಲ್ಲಿ ಪರದೇಶದ ರೈಲುಗಳ ಚಿತ್ರ ತುಂಬಿತ್ತು.

ಅಂಥದ್ದರಲ್ಲಿ ಲಿಂಬೆ ಬೆಳೆಗಾರರ ಸಂಘದಿಂದ, ಸರ್ಕಾರದ ನೆರವಿನಲ್ಲಿ, ನಾಲ್ಕು ಜನರನ್ನು ಸ್ಪೇನಿಗೆ ಕಳಿಸುವುದೆಂದಾಯಿತು. ತಾಲೂಕಿಗೊಬ್ಬರು. ಬಾಗೇವಾಡಿಯಿಂದ ಅಡತಿ ಅಂಗಡಿಯ ದಲಾಲಿ ಸಂಗಪ್ಪ, ಮುದ್ದೇಬಿಹಾಳದಿಂದ ನಿವೃತ್ತ ಸಾಲಿ ಮಾಸ್ತರ ಬಸಲಿಂಗಪ್ಪ, ಸಿಂದಗಿ ತಾಲೂಕಿನಿಂದ ದೇವಣಗಾಂವದ ಮಲ್ಲಪ್ಪ, ಇಂಡಿಯಿಂದ ನಾನು. ಮೂವರು ನಾವು ಸಾಹುಕಾರರೋ, ಮಾತುಗಾರರೋ ಆಗಿದ್ದವರು. ಕೆಲಸಕ್ಕೆಂದು ಹೊರಟವನು ಮಲ್ಲಪ್ಪ ಒಬ್ಬನೇ. ಅವನ ತಂದೆ ಭೀಮಾ ದಂಡೆಯಲ್ಲಿ ಕುರಿ ಕಾಯ್ದವರು. ಲಿಂಬೆ ಹಚ್ಚಿದ್ದು ಇವನೇ ಮೊದಲು. ಇವನದನ್ನು ನೋಡಿ ಊರಿನ ಎಷ್ಟೋ ಮನೆಗಳವರು ಹಚ್ಚಿದ್ದರು. ಆದರೆ ಚೀಲಕ್ಕೆ ತುಂಬಿದ ಕಾಯಿ ದೂರದ ಪೇಟೆ ಮುಟ್ಟುವುದರೊಳಗೆ ಕಪ್ಪಾಗುತ್ತಿತ್ತು. ಸ್ಪೇನಿನವರ ಲಿಂಬೆ ವಾರಗಟ್ಟಲೆ ಹಡಗಿನಲ್ಲಿ ಹೋದರೂ ಕೆಡುವುದಿಲ್ಲ, ಯಾಕೆ? ಇದೊಂದು ಪ್ರಶ್ನೆಗೆ ಉತ್ತರ ತರುತ್ತೇನೆಂದು ಮಲ್ಲಪ್ಪ ಊರಿಗೆ ಮಾತು ಕೊಟ್ಟು ಬಂದಿದ್ದ.

ಮ್ಯಾಡ್ರಿಡ್

ನಮ್ಮನ್ನು ಬರಮಾಡಿಕೊಂಡವನು ಗೋಪಾಲದಾಸ ಎಂಬ ಸಿಂಧಿ ವ್ಯಾಪಾರಿ. ಆ ದೇಶದಲ್ಲೇ ನೆಲೆಸಿದವನು. ನಮ್ಮೊಡನೆ ಹಿಂದಿ, ಅವರೊಡನೆ ಸ್ಪೇನಿನ ಭಾಷೆ. ಲಿಂಬೆಯ ಕಣಿವೆ ಇದ್ದದ್ದು ದಕ್ಷಿಣದಲ್ಲಿ, ಮಾಲಗಾ ಊರಿನ ಹತ್ತಿರ. ಅಲ್ಲಿಗೆ ಬಸ್ಸಿನಲ್ಲಿ ಅವತ್ತೇ ಹೊರಟು ಹೋಗಿ ರಾತ್ರಿ ಉಳಿಯುವುದೆಂದು ಅವನು ಗೊತ್ತು ಮಾಡಿದ್ದ. ನಾನು ಹಟ ಹಿಡಿದೆ. ಇಷ್ಟು ದೂರ ಬಂದು ವೇಗದ ರೈಲು ಹತ್ತದೆ ಹೋದರೆ ಇಂಡಿಯಲ್ಲಿ ಹೇಗೆ ಮುಖ ತೋರಿಸಲಿ?

"ರೈಲಾದರೆ ನಾಳೆ ಬೆಳಿಗ್ಗೆ ಹೊರಟು ಕೊರ್ದೋಬಾದಲ್ಲಿ ಗಾಡಿ ಬದಲಿಸಿ ಮಧ್ಯಾಹ್ನಕ್ಕೆ ಸೇರಬಹುದು" ಎಂದ ಗೋಪಾಲದಾಸ. "ಆದರೆ ತಡವಾಗಬಾರದು. ಹಣ್ಣು ಕಟ್ಟುವ ಕಾರ್ಖಾನೆ ನಾಳೆ ಮಧ್ಯಾಹ್ನ ಮಾತ್ರ ತೋರಿಸುತ್ತಾರೆ. ನಾಡಿದ್ದು ಅವರ ಹಬ್ಬ, ರಜೆ. ಅದರ ಮರುದಿನ ನಿಮ್ಮ ವಿಮಾನ."

"ಬಸ್ಸs ಚಲೋ ಅಲ್ರಿ ಗೌಡ್ರ?" ಎಂದ ಮಲ್ಲಪ್ಪ.

"ತಮ್ಮಾ, ಈ ರೈಲು ಐದು ನಿಮಿಷ ತಡಾ ಆದ್ರ ಟಿಕೀಟಿನ ರೊಕ್ಕ ಹೊಳ್ಳಿ ಕೊಡ್ತಾರಂತ! ಅದೇನ್ ನಮ್ಮ ಗದಗ ಪ್ಯಾಸೆಂಜರ್ ಅಂತ ತಿಳದಿಯೇನು?"

ಬಸಲಿಂಗ ಮಾಸ್ತರು ನಕ್ಕರು. "ನಮ್ಮ ಮುದ್ದೇಬಿಹಾಳಕ್ಕ ರೈಲs ಬಂದಿಲ್ಲ. ನಾ ಡೈರೆಕ್ಟ್ ಇದ್ರಾಗs ಕೂಡ್ತೇನಿ. ಸಾಲಿ ಕಲೀದ ಹುಡುಗ ಒಮ್ಮೆಲೆ ಪಂಡಿತ ಆದಂಗ."

ಮರುದಿನ ಹತ್ತಿದೆವು. ಸುಳ್ಳು ಹೇಳುವುದಿಲ್ಲ, ಅಂಥದ್ದನ್ನು ನಾನು ಮತ್ತೆ ಕಾಣಲಿಲ್ಲ. ಹೊರಟದ್ದೇ ತಿಳಿಯಲಿಲ್ಲ. ಬಟ್ಟಲಿನ ಕಾಫಿ ಅಲುಗಲಿಲ್ಲ. ಹತ್ತಿರದ ಕಂಬಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ದೂರದ ಗುಡ್ಡ ಮಾತ್ರ ನಿಧಾನ ತಿರುಗುತ್ತಿತ್ತು. ಹೊರಗೆ ನಮ್ಮ ಸೀಮೆಯಂಥದೇ ಬಯಲು, ಕೆಂಪು ಮಣ್ಣು, ಕುಳ್ಳ ಮರಗಳು. ಅಂಥ ಬಡ ನೆಲದ ಮೇಲೆ ಇಂಥ ಗಾಡಿ ಓಡಬಹುದಾದರೆ ನಮ್ಮಲ್ಲಿ ಯಾಕೆ ಓಡಬಾರದು ಎಂದು ನನ್ನ ಎದೆ ಉಬ್ಬಿತು.

ಎದುರಿಗೆ ಕೂತಿದ್ದ ಒಬ್ಬ ಮುದುಕಿ ನಮಗೆ ಬಾದಾಮಿಯ ಮಿಠಾಯಿ ಕೊಟ್ಟಳು. ನಾನು ಗೋಪಾಲದಾಸನ ಮೂಲಕ ರೈಲನ್ನು ಹೊಗಳಿದೆ. ಆಕೆ ತಲೆಯಾಡಿಸಿದಳು. ಮ್ಯಾಡ್ರಿಡ್ಡಿನ ಆಸ್ಪತ್ರೆಯಲ್ಲಿದ್ದ ತಂಗಿಯನ್ನು ನೋಡಿ ಬರುತ್ತಿದ್ದಳು. ಮೊದಲಾದರೆ ಒಂದಿಡೀ ದಿನದ ದಾರಿ, ಈಗ ಸುಖ ಎಂದಳು. ಆಮೇಲೆ ಬೇರೆಯೇ ಮಾತು ಬಂತು. ಆಕೆಯ ಊರು ಗ್ರಾನಡಾದ ಆಚೆ ಗುಡ್ಡಗಳಲ್ಲಿದೆ. ಅಲ್ಲಿಗೂ ಮೊದಲು ಒಂದು ಸಣ್ಣ ರೈಲಿತ್ತು. ನಷ್ಟವೆಂದು ಅದನ್ನು ಮುಚ್ಚಿದರು. ಕೆಲವು ವರ್ಷಗಳಲ್ಲಿ ಈ ದೊಡ್ಡ ರೈಲು ಬಂತು. ಇದನ್ನು ಹತ್ತಲು ಈಗ ಆಕೆ ಕತ್ತಲಿರುವಾಗಲೇ ಎದ್ದು ಬಸ್ಸಿಗೆ ನಿಲ್ಲಬೇಕು.

"ಹಾಗಾದರೆ ಇದು ಬೇಡವಾಗಿತ್ತೇ?" ಎಂದು ಕೇಳಿಸಿದೆ.

"ಬೇಡ ಎಂದು ಹೇಗೆ ಹೇಳಲಿ? ಅದರಲ್ಲೇ ಕೂತಿದ್ದೇನಲ್ಲ" ಎಂದಳು. "ಆದರೆ ನಮ್ಮದು ನಷ್ಟ ಎಂದು ಲೆಕ್ಕ ಹಾಕಿದವರು ಇದಕ್ಕೂ ಅದೇ ಲೆಕ್ಕ ಹಾಕಿದರೇ? ಅಷ್ಟು ಹೇಳಲಿ, ಸಾಕು."

ಮಲ್ಲಪ್ಪ ಮುಂದೆ ಬಾಗಿ ಕೇಳುತ್ತಿದ್ದ. ನಾನು, ಮುದುಕಿಯರ ಗೊಣಗು ಎಲ್ಲ ದೇಶದಲ್ಲೂ ಒಂದೇ ಎಂದುಕೊಂಡು ಕಿಟಕಿಗೆ ತಿರುಗಿದೆ.

ಸಿಯುದಾದ್ ರಿಯಾಲ್

ದಾರಿಯಲ್ಲಿ ನಿಲ್ಲುವ ಊರುಗಳೇ ಕಡಿಮೆ. ಅವುಗಳಲ್ಲಿ ಇದೊಂದು. ಮಾಸ್ತರಿಗೆ ನಿದ್ದೆ ಹತ್ತಿತ್ತು. ಗೋಪಾಲದಾಸ ಮುಂದಿನ ಡಬ್ಬಿಗೆ ಕಾಫಿ ಕುಡಿಯಲು ಹೋಗಿದ್ದ. ಗಾಡಿ ನಿಂತದ್ದೇ ತಡ, ಸಂಗಪ್ಪ ಖಾಲಿ ಬಾಟಲಿ ಹಿಡಿದು ಎದ್ದ.

"ಎಲ್ಲಿಗೋ?"

"ನೀರು ತುಂಬಕೊಂಡ ಬರ್ತೇನಿ. ನಿಂತೈತೆಲ್ಲ."

ನಿಂತ ರೈಲಿನಿಂದ ಇಳಿಯುವುದು ನಮಗೆ ಉಸಿರಾಡಿದಷ್ಟು ಸಹಜ. ನನಗೂ ತಪ್ಪೆನಿಸಲಿಲ್ಲ. ಮಲ್ಲಪ್ಪ ಬಾಗಿಲವರೆಗೆ ಹೋಗಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಕೂಗು ಕೇಳಿತು: "ಗೌಡ್ರ! ಬಾಗಲಾ ಹಾಕಿದ್ರು! ಸಂಗಪ್ಪಣ್ಣ ಹೊರಗs ಉಳದಾನ!"

ನಾನು ಓಡಿದೆ. ಗಾಜಿನ ಆಚೆ ಸಂಗಪ್ಪ ಬಾಟಲಿ ಬೀಸುತ್ತ ಗಾಡಿಯ ಜೊತೆ ನಡೆಯುತ್ತಿದ್ದ. ಗಾಡಿ ಚಲಿಸುತ್ತಿತ್ತು. ಮಲ್ಲಪ್ಪ ಗಾಜು ಬಡಿಯುತ್ತಿದ್ದ. ಅವನ ತಲೆಯ ಮೇಲೆ ಕೆಂಪು ಹಿಡಿಕೆ ಕಂಡಿತು. ನಾನು ಕೈ ಚಾಚಿ ಎಳೆದೆ.

ಎಳೆದವನು ನಾನು. ಮಲ್ಲಪ್ಪ ಅಲ್ಲ.

ರೈಲು ಒಮ್ಮೆ ನಿಟ್ಟುಸಿರು ಬಿಟ್ಟು ನಿಂತಿತು. ಎಲ್ಲೋ ಗಂಟೆ ಹೊಡೆಯತೊಡಗಿತು. ಆ ಸದ್ದು ಕಿವಿಗೆ ಬಿದ್ದಾಗ ನನಗೆ ನನ್ನ ಫಲಕಗಳು ನೆನಪಾದವು. ಕಾಲು ತಾನಾಗಿ ತಿರುಗಿ ನನ್ನನ್ನು ನನ್ನ ಜಾಗಕ್ಕೆ ತಂದು ಕೂಡಿಸಿತು. ನಿಲ್ದಾಣದವರು ಬಾಗಿಲು ತೆಗೆಸಿ ಸಂಗಪ್ಪನನ್ನು ಒಳಗೆ ನೂಕಿದರು. ಅವನಿಗೆ ಏನೂ ತಿಳಿದಿರಲಿಲ್ಲ.

"ನಳಾನs ಇಲ್ರೀ ಈ ದೇಶದಾಗ! ಮಷೀನಿಗೆ ರೊಕ್ಕ ಹಾಕಬೇಕಂತ!" ಎಂದು ಬೈಯುತ್ತ ಬಂದ.

ಸುತ್ತಲಿನ ಪ್ರಯಾಣಿಕರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿಗಿಂತ ಆಸೆ ಹೆಚ್ಚಿತ್ತು. ಮುದುಕಿ ಏನೋ ಅಂದಳು, ಎಲ್ಲರೂ ನಕ್ಕರು. ಗಂಟೆ ಕೇಳಿ ಓಡಿ ಬಂದಿದ್ದ ಗೋಪಾಲದಾಸ ಆಕೆ ಅಂದದ್ದನ್ನು ಆಮೇಲೆ ಹೇಳಿದ: "ಇಷ್ಟು ವರ್ಷ ನಾನು ಇದಕ್ಕೆ ಕೊಟ್ಟೆ, ಇವತ್ತು ಒಂದು ದಿನ ಇದು ನನಗೆ ಕೊಡಲಿ." ಪ್ರಯಾಣಿಕರ ತಪ್ಪಿನಿಂದ ತಡವಾದರೆ ಹಣ ಕೊಡುತ್ತಾರೋ ಇಲ್ಲವೋ ಎಂದು ಅವರಲ್ಲೇ ವಾದ ಹತ್ತಿತು.

ಮಲ್ಲಪ್ಪ ನನ್ನ ಬಳಿ ಬಂದು ಮೆಲ್ಲಗೆ "ಹೇಳಿಬಿಡ್ರಿ ಗೌಡ್ರ, ಗೊತ್ತಿಲ್ಲದ ಮಾಡಿದ್ದು" ಎಂದ. ನಾನು ಅವನ ಮುಂಗೈ ಹಿಡಿದೆ.

"ಮಲ್ಲಪ್ಪ, ನಾ ರೈಲು ಸಮಿತಿ ಅಧ್ಯಕ್ಷ. ಚೈನ್ ಎಳೀಬ್ಯಾಡ್ರಿ ಅಂತ ಬೋರ್ಡ್ ಬರಸಿದಾವ. ನಾನs ಎಳದೆ ಅಂದ್ರ ಊರಾಗ ಹೆಂಗ ತಿರುಗಾಡ್ಲಿ? ನೀ ಹೂಂ ಅನ್ನು. ನಿನಗ ಯಾರೂ ಏನೂ ಅನ್ನಂಗಿಲ್ಲ."

"ನಾ ಲಿಂಬಿ ನೋಡಬೇಕ್ರಿ."

"ನೋಡ್ತಿಯಲ್ಲೋ. ಇದೇನು ಎಷ್ಟೊತ್ತಿನ ಮಾತು? ದಂಡ ಬಿದ್ರ ನಾ ಕಟ್ತೇನಿ. ಊರಿಗೆ ಹೋದ ಮ್ಯಾಲೆ ಖರೇದು ನಾನs ಹೇಳ್ತೇನಿ."

ಅವನು ನನ್ನ ಮುಖ ನೋಡಿದ. ನಾನು ಅವನ ತಂದೆಯ ವಯಸ್ಸಿನವನು. ಅವನನ್ನು ಈ ಪ್ರವಾಸಕ್ಕೆ ಆರಿಸಿದ ಸಭೆಯಲ್ಲಿ ಕೂತವನು. ಸಮವಸ್ತ್ರದವನು ಬಂದು ಯಾರು ಎಂದು ಕೇಳಿದಾಗ, ಗೋಪಾಲದಾಸ ಅದನ್ನು ಹಿಂದಿಯಲ್ಲಿ ತಿರುಗಿಸುವ ಮೊದಲೇ ಮಲ್ಲಪ್ಪ ಕೈ ಎತ್ತಿದ.

ಗದ್ದಲಕ್ಕೆ ಎಚ್ಚರವಾದ ಮಾಸ್ತರು, "ಏನೋ ಮಲ್ಲಪ್ಪ, ಇಲ್ಲೂ ಜಗ್ಗಿಬಿಟ್ಟಿ? ನಮ್ಮೂರಾಗ ರೈಲಿಲ್ಲ, ಅದಕ್ಕ ನನಗ ಈ ಚಟಾ ಹತ್ತಿಲ್ಲ ನೋಡು!" ಎಂದು ನಕ್ಕರು. ನಾನೂ ನಕ್ಕೆ.

ಕೊರ್ದೋಬಾ

ಅಲ್ಲಿ ಮಲ್ಲಪ್ಪನನ್ನು ನಿಲ್ದಾಣದ ಒಂದು ಕೋಣೆಗೆ ಕರೆದೊಯ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಆದರೆ ಹೇಳಿಕೆ ಬರೆಯಬೇಕು, ದೊಡ್ಡ ಸಾಹೇಬ ಬರಬೇಕು, ಸಹಿ ಆಗಬೇಕು. ಅವರ ರೈಲು ಎಷ್ಟು ವೇಗವೋ ಕಚೇರಿ ಅಷ್ಟೇ ನಿಧಾನ. ಅದೊಂದರಲ್ಲಿ ಅವರು ನಮ್ಮವರೇ ಅನಿಸಿದರು. ಗೋಪಾಲದಾಸ ದುಭಾಷಿಯಾಗಿ ಅವನ ಜೊತೆ ಉಳಿದ. ನಮ್ಮನ್ನು ಕರೆದೊಯ್ಯಲು ಕಣಿವೆಯಿಂದ ಬಂದಿದ್ದ ಮನುಷ್ಯ ಗಡಿಯಾರ ತೋರಿಸಿ ಅವಸರ ಮಾಡಿದ. ನಾವು ಹತ್ತಬೇಕಿದ್ದ ಮಾಲಗಾ ಕಡೆಯ ಸಣ್ಣ ರೈಲು ಸಿದ್ಧವಾಗಿತ್ತು.

ಕೋಣೆಯ ಬಾಗಿಲು ತೆರೆದೇ ಇತ್ತು. ಮಲ್ಲಪ್ಪ ಬೆಂಚಿನ ತುದಿಯಲ್ಲಿ ಕೂತು ಹೊರಗೆ ನಮ್ಮನ್ನೇ ನೋಡುತ್ತಿದ್ದ. ನಾಲ್ಕು ಹೆಜ್ಜೆ ಒಳಗೆ ಹೋಗಿ ಒಂದು ಮಾತು ಹೇಳಿದ್ದರೆ ಅವನು ಆ ಸಣ್ಣ ರೈಲು ಹತ್ತುತ್ತಿದ್ದ, ನಾನು ಬೆಂಚಿನ ಮೇಲೆ ಕೂಡುತ್ತಿದ್ದೆ. "ಲಗೂನ ಬಾರೋ" ಎಂದು ಕೈ ಬೀಸಿ ಹೊರಟೆ.

ಲಿಂಬೆಯ ಕಣಿವೆ

ಕಾರ್ಖಾನೆ ನೋಡಿದೆವು. ಕಾಯಿಯನ್ನು ಕಿತ್ತು ಎಳೆಯುವುದಿಲ್ಲ. ಸಣ್ಣ ಕತ್ತರಿಯಿಂದ ತೊಟ್ಟು ಉಳಿಸಿ ಕತ್ತರಿಸುತ್ತಾರೆ. ಇನ್ನೂ ಹಸಿರಿರುವಾಗಲೇ ತಂದು ಕೋಣೆಯಲ್ಲಿ ಹರವಿ ಸಿಪ್ಪೆ ಮೆತ್ತಗಾಗಲು ಬಿಡುತ್ತಾರೆ. ತತ್ತಿ ಹಿಡಿದ ಹಾಗೆ ಹಿಡಿಯುತ್ತಾರೆ. ಇಷ್ಟು ನನಗೆ ನೆನಪಿದೆ. ಉಳಿದ ಹೊತ್ತೆಲ್ಲ ನಾನು ಇಂಡಿಯಲ್ಲಿ ರೈಲಿನ ಬಗ್ಗೆ ಮಾಡಬೇಕಾದ ಭಾಷಣ ಕಟ್ಟುತ್ತಿದ್ದೆ.

ಮಲ್ಲಪ್ಪ ಬಂದದ್ದು ಸಂಜೆ. ಕಾರ್ಖಾನೆಗೆ ಬೀಗ ಬಿದ್ದಿತ್ತು. ಅವನು ಕೈಕಾಲು ತೊಳೆಯದೆ ನನ್ನ ಎದುರು ಕೂತ.

"ಹೇಳ್ರಿ ಗೌಡ್ರ. ಹರವಿದ್ದು ಎಷ್ಟು ದಿನ ಬಿಡ್ತಾರ?"

"ಅದು... ಕೆಲವು ದಿನ."

"ಕ್ವಾಣಿ ತಂಪಿತ್ತೇನ್ರಿ, ಬೆಚ್ಚಗಿತ್ತೇನ್ರಿ?"

"ಬೆಚ್ಚಗ ಅಲ್ಲ... ತಂಪು ಅನಸ್ತೈತಿ. ಸಂಗಪ್ಪ, ನಿನಗೇನ್ ನೆನಪೈತೇನೋ?"

ಸಂಗಪ್ಪ ಕಾರ್ಖಾನೆಯವರ ಹೊಸ ಲಾರಿಗಳನ್ನು ನೋಡಿದ್ದ. ಮಾಸ್ತರು ಕಾಲುನೋವೆಂದು ಹೊರಗೆ ಕೂತಿದ್ದರು.

"ತೊಳದ ಮ್ಯಾಲೆ ಏನೋ ಸವರ್ತಾರಂತಲ್ರಿ, ಅದೇನ್ರಿ?"

ನೋಡಲು ಬಂದವನು ಬೆಂಚಿನ ಮೇಲೆ ಕೂತು, ಕೂಡಬೇಕಾದವನು ನೋಡಲು ಹೋದರೆ ಆಗುವುದು ಇಷ್ಟೇ. ಮರುದಿನ ಹಬ್ಬದ ಗಂಟೆ ಬಾರಿಸುತ್ತಿದ್ದಾಗ ಅವನು ಆ ಕಾರ್ಖಾನೆಯ ಗೇಟಿನ ಸರಳು ಹಿಡಿದು ಒಳಗೆ ನೋಡುತ್ತ ನಿಂತಿದ್ದನ್ನು ಕಂಡೆ. ಒಳಗೆ ಖಾಲಿ ಪೆಟ್ಟಿಗೆಗಳಿದ್ದವು.

ಸಿಟ್ಟು ಮಾಡಲಿಲ್ಲ. ತಾನು ಆಮೇಲೆ ಹತ್ತಿ ಬಂದ ಸಣ್ಣ ರೈಲಿನ ಸುದ್ದಿ ಹೇಳಿದ. ಅದು ಊರೂರಿಗೂ ನಿಂತಿತಂತೆ. ಒಬ್ಬ ಹೆಂಗಸು ಬುಟ್ಟಿ ಇಟ್ಟು ಹೋದಳಂತೆ, ಮುಂದಿನ ನಿಲ್ದಾಣದಲ್ಲಿ ಮತ್ತೊಬ್ಬಳು ಬಂದು ಅದನ್ನು ಇಳಿಸಿಕೊಂಡಳಂತೆ. ಡಬ್ಬಿ ಹಳೆಯದು, ಕಿಟಕಿ ಮುರಿದಿತ್ತು. ನಡುವೆ ಒಂದೆರಡು ನಿಲ್ದಾಣಗಳ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದರಂತೆ.

"ದೊಡ್ಡ ರೈಲು ಚಂದ ಐತ್ರಿ, ಅದಕ್ಕ ನಾ ಇಲ್ಲ ಅನ್ನಂಗಿಲ್ಲ. ಆದ್ರ ಸಣ್ಣದರ ಹಲ್ಲ ಕಿತ್ತು ದೊಡ್ಡದಕ್ಕ ಬಂಗಾರದ ಹಲ್ಲ ಕಟ್ಟಿಸಿದಂಗ ಆಗೈತಿ. ನಮ್ಮ ಕಡೀಗೂ ಹಿಂಗ ಆಗಬಾರದ್ರಿ. ನಮ್ಮ ಚೀಲಾ ಹೋಗೂದು ಸಣ್ಣ ನಿಲ್ದಾಣದಿಂದs."



ಮತ್ತೆ ಇಂಡಿ

ಊರಿಗೆ ಬಂದ ಮೇಲೆ ನನಗೆ ಹಾರ ಹಾಕಿದರು. ನಾಲ್ಕೂ ತಾಲೂಕುಗಳಲ್ಲಿ ಕರೆಸಿ ಮಾತಾಡಿಸಿದರು. ಖರೇದು ಹೇಳುತ್ತೇನೆಂದಿದ್ದವನು ಹೇಳಲಿಲ್ಲ. ಚೈನಿನ ಕಥೆ ಅಷ್ಟರಲ್ಲಿ ಸಂಗಪ್ಪನ ಅಂಗಡಿಯಿಂದ ಹೊರಟು ಎಲ್ಲ ಕಡೆ ಮುಟ್ಟಿತ್ತು. ಭಾಷಣದ ನಡುವೆ ಜನ ಬೇಸರಗೊಂಡರೆ ನಾನೇ ಅದನ್ನು ಒಂದಿಷ್ಟು ಬಣ್ಣ ಹಚ್ಚಿ ಹೇಳಿದ್ದೂ ಉಂಟು. ಮಲ್ಲಪ್ಪನಿಗೆ ಚೈನ್ ಮಲ್ಲಪ್ಪ ಎಂಬ ಹೆಸರು ಬಿತ್ತು.

ಒಂದೆರಡು ವರ್ಷದ ಮೇಲೆ ದೊಡ್ಡ ಸಭೆ ಸೇರಿತು. ಬ್ರಾಡ್‌ಗೇಜ್ ಆದ ಮೇಲೆ ಯಾವ ಗಾಡಿ ಬೇಕು, ಎಲ್ಲಿ ನಿಲ್ಲಬೇಕು ಎಂದು ಮನವಿ ಬರೆಯುವ ಸಭೆ. ದೊಡ್ಡ ಊರುಗಳನ್ನು ಬಿಟ್ಟು ಬೇರೆಲ್ಲೂ ನಿಲ್ಲದ ವೇಗದ ಗಾಡಿಯೊಂದೇ ಮುಖ್ಯ ಬೇಡಿಕೆಯಾಗಲಿ ಎಂಬುದು ಹೆಚ್ಚಿನವರ ಮಾತು. ಆಗ ಮಲ್ಲಪ್ಪ ಎದ್ದ. ಸಣ್ಣ ನಿಲ್ದಾಣಗಳಲ್ಲಿ ಒಂದು ಗಾಡಿಯಾದರೂ ನಿಲ್ಲಬೇಕು, ಅದಕ್ಕೆ ಸರಕಿನ ಡಬ್ಬಿ ಇರಬೇಕು, ಇದನ್ನು ಮೊದಲು ಬರೆದು ವೇಗದ್ದನ್ನು ಆಮೇಲೆ ಬರೆಯಿರಿ ಎಂದು ಕೇಳಿದ. ರೊಕ್ಕ ಎಲ್ಲರದು, ಹಾಗಾಗಿ ನಿಲ್ಲುವುದೂ ಎಲ್ಲರಿಗೆ ಎಂದ. ಸ್ಪೇನಿನ ಮುದುಕಿಯ ಮಾತನ್ನು ಹೇಳಲು ಶುರು ಮಾಡಿದ್ದ.

ಹಿಂದಿನಿಂದ ಯಾರೋ ಕೂಗಿದರು: "ಏ ಚೈನ್ ಮಲ್ಲಪ್ಪ! ನೀ ಗಾಡ್ಯಾಗ ಇದ್ದರ ನಿಲ್ದಾಣ ಯಾಕ ಬೇಕೋ? ಎಲ್ಲಿ ಬೇಕಲ್ಲಿ ಜಗ್ಗಿ ನಿಲ್ಲಸ್ತಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಮಲ್ಲಪ್ಪನ ಬಾಯಲ್ಲಿದ್ದ ಮಾತು ಅಲ್ಲೇ ನಿಂತಿತು. ಅವನ ಹಿಂದೆ ಕೂತಿದ್ದ ದೇವಣಗಾಂವದ ಮಂದಿ ತಲೆ ತಗ್ಗಿಸಿದರು. ನನ್ನ ಒಂದು ಸುಳ್ಳಿನ ದಂಡವನ್ನು ಒಬ್ಬನಲ್ಲ, ಒಂದು ಊರು ಕಟ್ಟುತ್ತಿರುವುದು ಆಗ ನನಗೆ ಕಂಡಿತು. ನಾನು ಎದ್ದು ನಿಂತೆ.

"ನಗಬ್ಯಾಡ್ರಿ. ಅವತ್ತ ಚೈನ್ ಎಳದಾವ ಮಲ್ಲಪ್ಪ ಅಲ್ಲ. ನಾನು."

ಇನ್ನೇನು ಉಗುಳುತ್ತಾರೆ ಎಂದು ಕಾದೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ಕೈ ಮುಗಿದರು.

"ನೋಡ್ರೆಪಾ, ದೊಡ್ಡಸ್ತನ ಅಂದ್ರ ಇದು! ತಪ್ಪು ಮಾಡಿದಾವನ ಮಾನ ಉಳಸಾಕ ಗೌಡ್ರು ತಮ್ಮ ಮ್ಯಾಲೆ ಹಾಕ್ಕೊಂಡ್ರು!"

ಚಪ್ಪಾಳೆ ಬಿತ್ತು. "ಅಲ್ರೀ, ಖರೇನ ನಾನs" ಎಂದರೆ ಇನ್ನೂ ಜೋರಾಯಿತು. ಬಸಲಿಂಗ ಮಾಸ್ತರು ಬಂದು ನನ್ನನ್ನು ಅಪ್ಪಿಕೊಂಡರು. "ನಾನs ಅಲ್ಲೇ ಇದ್ನಲ್ರಿ, ನನಗ ಗೊತ್ತಿಲ್ಲೇನು?" ಎಂದರು. ಅವರು ಮಲಗಿದ್ದರು. ವೇಗದ ಗಾಡಿಯ ಬೇಡಿಕೆ ಒಮ್ಮತದಿಂದ ಪಾಸಾಯಿತು. ಮಲ್ಲಪ್ಪನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅವನು ಸೈಕಲ್ ತೆಗೆಯುತ್ತಿದ್ದ. ಎದುರು ಹೋಗಿ ನಿಂತೆ.

"ನಾ ಮತ್ತೊಮ್ಮೆ ಹೇಳ್ತೇನಿ ಮಲ್ಲಪ್ಪ. ನಿಮ್ಮೂರಿಗೆ ಬಂದು ಗುಡಿ ಮುಂದ ನಿಂತು ಹೇಳ್ತೇನಿ."

"ಬ್ಯಾಡ್ರಿ ಗೌಡ್ರ. ನೀವು ಹೇಳಿದಷ್ಟೂ ನೀವs ದೊಡ್ಡವರಾಗಾಕತ್ತೀರಿ. ನಾ ಇದ್ದಲ್ಲೇ ಇದ್ದೇನಿ."

ಆಮೇಲೆ ನಾನು ಅಧ್ಯಕ್ಷತೆ ಬಿಟ್ಟೆ. ಸಣ್ಣ ನಿಲ್ದಾಣಗಳ ಪರವಾಗಿ ಅರ್ಜಿ ಹಿಡಿದು ಓಡಾಡಿದೆ. ವಯಸ್ಸಾಗಿ ಗೌಡ್ರಿಗೆ ಹಿಂಗಾಗೈತಿ ಎಂದರು. ವೇಗದ ರೈಲು ಅಷ್ಟು ಖರ್ಚಿಗೆ ತಕ್ಕದ್ದೇ ಎಂದು ಯಾರಾದರೂ ಕೇಳಿದರೆ ಇಂದಿಗೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆಸ್ಪತ್ರೆಯ ತಂಗಿಯನ್ನು ನೋಡಿ ಬಂದ ಆ ಮುದುಕಿಯ ಸುಖ ಸುಳ್ಳಲ್ಲ. ಅದು ಬಂದ ಊರುಗಳು ಬೆಳೆದದ್ದೂ ಸುಳ್ಳಲ್ಲ. ಆದರೆ ಅದರ ಬೆಲೆಯನ್ನು ಅದರಲ್ಲಿ ಕೂತವರನ್ನು ಕೇಳಿ ತಿಳಿಯುವುದು ತಪ್ಪು. ನಾನು ಕೂತವನು, ಅದಕ್ಕೇ ಹೇಳುತ್ತೇನೆ. ಅದು ಯಾರ ಊರಿನ ಗಾಡಿ ಕಿತ್ತುಕೊಂಡು ಬಂತು, ಯಾರ ಊರು ನಿಲ್ಲದೆ ದಾಟಿತು, ಅವರನ್ನು ಮೊದಲು ಕೇಳಬೇಕು. ಸಭೆಯಲ್ಲಿ ಅವರು ಎದ್ದು ನಿಂತಾಗ ನಗದೆ ಕೇಳಬೇಕು.

ಇದನ್ನು ಅಚ್ಚು ಹಾಕಿಸಲು ಮಲ್ಲಪ್ಪನ ಒಪ್ಪಿಗೆ ಕೇಳಿದೆ. "ಬರೀರಿ. ಆದ್ರ ಮಂದಿ ಇದನ್ನೂ ನಿಮ್ಮ ದೊಡ್ಡಸ್ತನಾ ಅಂದಾರು" ಎಂದ. ಅವನು ಹೇಳಿದ್ದು ಸರಿ. ಆದ್ದರಿಂದ ಬೇರೆಯವರ ತಪ್ಪು ಹೊರುವ ದೊಡ್ಡ ಮನುಷ್ಯ ಕಟ್ಟಿ ಹೇಳಲಾರದ ಒಂದು ಸಂಗತಿಯನ್ನೂ ಬರೆದುಬಿಡುತ್ತೇನೆ. ಕೊರ್ದೋಬಾದಲ್ಲಿ ಅವನನ್ನು ಬೆಂಚಿನ ಮೇಲೆ ಬಿಟ್ಟು ಸಣ್ಣ ರೈಲು ಹತ್ತಿದಾಗ ನಮಗೆ ನಾಲ್ಕು ಜನರ ಜಾಗ ಹಿಡಿದಿಟ್ಟಿದ್ದರು. ಅವನ ಜಾಗ ಖಾಲಿ ಉಳಿಯಿತು. ನಾನು ಅದರ ಮೇಲೆ ಕಾಲು ಚಾಚಿ, ಟವೆಲ್ಲು ಮುಖದ ಮೇಲೆ ಎಳೆದುಕೊಂಡು ಮಲಗಿದೆ. ಒಳ್ಳೆಯ ನಿದ್ದೆ ಬಂತು.